ಡೋರ್ನಕಲ್ಲಿನ ಅಜರ್ಯ ಬಿಷಪರು

ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಇರುವ ದಾರಿಯು ಬಹಳ ದೂರದ್ದಲ್ಲವೆಂದು ನೀವೆಲ್ಲರೂ ಬಲ್ಲಿರಿ. ಆದರೂ 1956ನೇ ಇಸವಿ ನವೆಂಬರ್ 1ನೇ ತಾರೀಖಿನ ತನಕ ಈ ಎರಡು ಊರುಗಳ ನಡುವೆ ಒಂದು ಗಡಿಯು ಹಾದುಹೋಗಿತ್ತು. ಕೊಳ್ಳೇಗಾಲವೂ ಅದರ ತಾಲ್ಲೂಕಿಗೆ ಸೇರಿದ್ದ ಹನೂರೂ ಮದ್ರಾಸು ಸೀಮೆಯ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿದ್ದವು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟಿದ್ದ ಯಳಂದೂರು ಮೈಸೂರು ಸೀಮೆಯಲ್ಲಿತ್ತು. ಸರ್ಕಾರಗಳು ಎರಡು, ಕಚೇರಿಗಳು ಎರಡು. ಆದರೂ ಸಂತೆಗೆ ಹೋಗುವದಾಗಲಿ, ಹೆಣ್ಣು ಕೊಟ್ಟು ತರುವದಾಗಲಿ ನಿಲ್ಲಲಿಲ್ಲ. ಯಾಕಂದರೆ ಗಡಿಯ ಈಚೆಯವರು ಆಚೆಯವರ ಮುಖವನ್ನು ಬಲ್ಲವರಾಗಿದ್ದರು.

ನೆರೆಯೂರವರಿಗೆ ಇದು ಸುಲಭವೇ ಸರಿ. ಆದರೆ ನಡುವೆ ಸಮುದ್ರವಿರುವಾಗ ಏನು ಮಾಡುವದು? ಬಣ್ಣ ಬೇರೆ, ಭಾಷೆ ಬೇರೆ, ಊಟ ಬೇರೆ. ಒಬ್ಬರು ಆಳುವ ಜನಾಂಗದವರು, ಇನ್ನೊಬ್ಬರು ಆಳಿಸಿಕೊಳ್ಳುವವರು. ಒಬ್ಬರು ಹಣವನ್ನು ಕಳುಹಿಸುವವರು, ಇನ್ನೊಬ್ಬರು ಕೈಯೊಡ್ಡುವವರು. ಇಂಥವರು ಕರ್ತನ ಸಭೆಯಲ್ಲಿ ಒಂದೇ ನೊಗಕ್ಕೆ ಹೆಗಲು ಕೊಡುವದು ಹೇಗೆ? ಈ ಪ್ರಶ್ನೆಗೆ ತಮ್ಮ ಜೀವಮಾನವನ್ನೇ ಉತ್ತರವಾಗಿ ಕೊಟ್ಟವರು ವೇದನಾಯಗಂ ಸಮುವೇಲ ಅಜರ್ಯನವರು. ಇವರು ಆಂಗ್ಲಿಕನ್ ಸಭೆಯಲ್ಲಿ ಬಿಷಪರಾದ ಮೊದಲನೆಯ ಭಾರತೀಯರು. ಅವರ ಚರಿತ್ರೆಯನ್ನು ನಾವು ಈ ತಿಂಗಳು ಸಂಕ್ಷೇಪವಾಗಿ ವಿವರಿಸುತ್ತೇವೆ.

ಅಜರ್ಯನವರು 1874ನೇ ಇಸವಿ ಆಗಸ್ಟ್ 17ರಂದು ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಚಿಕ್ಕ ಹಳ್ಳಿಯಲ್ಲಿ ಹುಟ್ಟಿದರು. ತಂದೆಯಾದ ತೋಮಸ್ ವೇದನಾಯಗಂ ಎಂಬವರು ಅಲ್ಲಿಯ ಸಭಾಪಾಲಕರು. ತಾಯಿಯ ಹೆಸರು ಎಲ್ಲೆನ್. ಒಂದು ಹೆಣ್ಣು ಮಗುವಾದ ಮೇಲೆ ಬಹು ವರ್ಷಗಳ ತನಕ ಆ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಪೂರ್ವಕಾಲದ ಹನ್ನಳಂತೆ ಆ ತಾಯಿಯು ಪ್ರಾರ್ಥನೆಯಲ್ಲಿ ಕಾದಿದ್ದು ಈ ಮಗನನ್ನು ಪಡೆದದ್ದರಿಂದಲೇ ಸಮುವೇಲನೆಂಬ ಹೆಸರು ಬಂತು. ಹುಡುಗನು ಇನ್ನೂ ಎಳೆಯವನಾಗಿದ್ದಾಗಲೇ ತಂದೆಯು ತೀರಿಹೋಗಲು ತಾಯಿಯೇ ಅವನನ್ನು ಬಹು ಶಿಸ್ತಿನಿಂದ ಬೆಳೆಸಿದಳು. ಅವರ ಕುಲದವರು ತಾಳೆಮರಗಳನ್ನು ಹತ್ತಿ ಜೀವಿಸುತ್ತಿದ್ದವರು; ಮೇಲಿನವರೆನಿಸಿಕೊಂಡವರಿಂದ ಬಹಳ ಅವಮಾನವನ್ನು ಉಂಡವರು. ಆದದರಿಂದ ಒಬ್ಬನು ಇನ್ನೊಬ್ಬನನ್ನು ಕೀಳಾಗಿ ಕಾಣುವದು ಎಂಥದೆಂಬದನ್ನು ಅಜರ್ಯನವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಊರಿನ ಓದು ಮುಗಿದ ಮೇಲೆ ಅವರು ಮದ್ರಾಸು ಕ್ರಿಶ್ಚಿಯನ್ ಕಾಲೇಜಿಗೆ ಸೇರಿ ಗಣಿತಶಾಸ್ತ್ರವನ್ನು ಅಭ್ಯಾಸಮಾಡಿದರು. ಪರೀಕ್ಷೆಯ ಸಮಯಕ್ಕೆ ಕಾಯಿಲೆ ಬಿದ್ದದ್ದರಿಂದ ಪದವಿಯು ದೊರೆಯಲಿಲ್ಲ. ತರುವಾಯ 1895ರಿಂದ 1909ರ ತನಕ ಯುವಕ ಕ್ರೈಸ್ತರ ಸಂಘದ ಕಾರ್ಯದರ್ಶಿಯಾಗಿ ದಕ್ಷಿಣ ದೇಶದಲ್ಲೆಲ್ಲಾ ಸಂಚರಿಸಿದರು. 1898ರಲ್ಲಿ ಅನ್ಬು ಮರಿಯಮ್ಮಾಳ್ ಎಂಬ ವಿದ್ಯಾವತಿಯನ್ನು ಮದುವೆಯಾದರು. ದಕ್ಷಿಣ ಸೀಮೆಯ ಕ್ರೈಸ್ತ ಸ್ತ್ರೀಯರಲ್ಲಿ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗರಲ್ಲಿ ಆಕೆಯೂ ಒಬ್ಬಳು. ಈ ಸಂಘದ ಕೆಲಸದಲ್ಲಿಯೇ ಅವರಿಗೆ ಅಮೇರಿಕಾ ದೇಶದ ಷೆರ್ವುಡ್ ಎಡ್ಡಿ ಎಂಬ ಯೌವನಸ್ಥರ ಪರಿಚಯವಾಯಿತು. ಎಡ್ಡಿಯವರು ತಮಿಳನ್ನು ಕಲಿತು ಈ ದೇಶದವರೊಡನೆ ಬೆರೆತವರು. ಇಬ್ಬರೂ ಜೊತೆಯಾಗಿ ಸಂಚರಿಸಿ, ಜೊತೆಯಾಗಿ ಪ್ರಾರ್ಥಿಸಿ, ಒಬ್ಬರ ತಪ್ಪನ್ನು ಒಬ್ಬರು ಮುಚ್ಚುಮರೆಯಿಲ್ಲದೆ ಹೇಳುವಷ್ಟು ಆಪ್ತರಾದರು. ಬಿಳಿಯನಿಗೂ ಭಾರತೀಯನಿಗೂ ಇಂಥ ಗೆಳೆತನವು ಆಗಬಹುದೆಂದು ಅಜರ್ಯನವರು ಕಂಡುಕೊಂಡದ್ದು ಇಲ್ಲಿಯೇ. ಒಮ್ಮೆ ಕಂಡುಕೊಂಡ ಮೇಲೆ ಅದಕ್ಕಿಂತ ಕಡಿಮೆಯಾದದ್ದರಲ್ಲಿ ಅವರು ತೃಪ್ತಿಪಡಲಿಲ್ಲ.

1902ರಲ್ಲಿ ಅಜರ್ಯನವರು ಸಿಂಹಳದ ಯಾಳ್ಪಾಣಕ್ಕೆ ಹೋದರು. ಅಲ್ಲಿಯ ತಮಿಳು ಕ್ರೈಸ್ತರು ತಮ್ಮ ಸ್ವಂತ ಹಣದಿಂದ ಸುವಾರ್ತಿಕರನ್ನು ಪರಸ್ಥಳಕ್ಕೆ ಕಳುಹಿಸುತ್ತಿರುವದನ್ನು ನೋಡಿ ಅವರಿಗೆ ನಾಚಿಕೆಯಾಯಿತು. ತಿರುನೆಲ್ವೇಲಿಯ ಸಭೆಯು ನೂರು ವರ್ಷಗಳಿಂದ ಪರದೇಶದವರಿಂದ ತೆಗೆದುಕೊಂಡದ್ದೇ ಹೊರತು ಬೇರೆಯವರಿಗೆ ಏನು ಕೊಟ್ಟಿತು? ಈ ನಾಚಿಕೆಯಿಂದ ಹುಟ್ಟಿದ್ದೇ 1903ರಲ್ಲಿ ಸ್ಥಾಪಿತವಾದ ತಿರುನೆಲ್ವೇಲಿಯ ಇಂಡಿಯನ್ ಮಿಷನೆರಿ ಸೊಸಾಯಿಟಿ. ಇದರ ನಿಯಮವು ಸರಳ: ಸೇವಕರು ಈ ದೇಶದವರು, ಹಣವು ಈ ದೇಶದ್ದು, ಆಡಳಿತವೂ ಈ ದೇಶದವರದೇ. ಮರು ವರ್ಷವೇ ನಿಜಾಮರ ಸೀಮೆಯ ತೆಲುಗು ಹಳ್ಳಿಗಳಿಗೆ ಸೇವಕರು ಹೊರಟರು. 1905ನೇ ಇಸವಿಯ ಕ್ರಿಸ್ತಜಯಂತಿಯ ದಿನ ಬಂಗಾಳದ ಶ್ರೀರಾಮಪುರದಲ್ಲಿ ಅಖಿಲ ಭಾರತದ ನ್ಯಾಷನಲ್ ಮಿಷನೆರಿ ಸೊಸಾಯಿಟಿಯು ಆರಂಭವಾಯಿತು. ಇದರಲ್ಲಿಯೂ ಅಜರ್ಯನವರೂ ಸೇಲಂ ಊರಿನವರಾದ ಕೆ. ಟಿ. ಪಾಲರೂ ಸೇರಿದ್ದರು. ಮುಂದೆ ಅಜರ್ಯನವರು ಪರದೇಶದವರ ಎದುರಿನಲ್ಲಿ ತಲೆಯೆತ್ತಿ ಮಾತಾಡಿದರೆಂಬದನ್ನು ಓದುವಾಗ, ಅದಕ್ಕೂ ಮುಂಚೆ ಅವರು ಸ್ವಂತ ಜನರಿಗೆ ಕೊಡುವದನ್ನು ಕಲಿಸಿದರೆಂಬದನ್ನು ನಾವು ಮರೆಯಬಾರದು.

ಇಷ್ಟರಲ್ಲಿ ಮದ್ರಾಸಿನ ಬಿಷಪರಾದ ಹೆನ್ರಿ ವೈಟ್‌ಹೆಡ್‌ರವರು ಅಜರ್ಯನವರನ್ನು ಗಮನಿಸುತ್ತಾ ಬಂದಿದ್ದರು. ಈ ಬಿಷಪರೂ ಅವರ ಪತ್ನಿಯಾದ ಇಸಬೆಲ್ ಅಮ್ಮನವರೂ ಅಜರ್ಯನವರನ್ನು ತಮ್ಮ ಮನೆಯವರಂತೆ ಬರಮಾಡಿಕೊಂಡರು. ವೈಟ್‌ಹೆಡ್‌ರವರ ಎಣಿಕೆಯೇನಂದರೆ, ಸಭೆಯು ಈ ದೇಶದಲ್ಲಿ ಬೇರೂರಬೇಕಾದರೆ ಈ ದೇಶದವನೇ ಬಿಷಪನಾಗಬೇಕು ಎಂಬದು. 1909ರಲ್ಲಿ ಅಜರ್ಯನವರಿಗೆ ಸಭಾಸೇವೆಯ ಅಭಿಷೇಕವಾಯಿತು. ಅವರು ತಾವೇ ತೆಲುಗನ್ನು ಕಲಿತು ಡೋರ್ನಕಲ್ ಸೀಮೆಗೆ ಸೇವಕರಾಗಿ ಹೊರಟರು.

1910ನೇ ಇಸವಿಯ ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಲೋಕದ ಎಲ್ಲಾ ಮಿಷನ್ನುಗಳ ಮಹಾಸಮ್ಮೇಳನವು ಕೂಡಿತು. ಬಂದ ಪ್ರತಿನಿಧಿಗಳು ಸುಮಾರು 1,200 ಮಂದಿ. ಅವರಲ್ಲಿ ಏಷ್ಯಾ ಖಂಡದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಪರದೇಶದ ಸೇವಕರೂ ಸ್ವದೇಶದ ಸೇವಕರೂ ಕೂಡಿ ಕೆಲಸಮಾಡುವದನ್ನು ಕುರಿತು ಮಾತಾಡಲು ಒಂದು ಸಾಯಂಕಾಲ ಅಜರ್ಯನವರನ್ನು ಕರೆದರು. ಅವರಿಗೆ ಆಗ ಮೂವತ್ತಾರು ವರ್ಷವೂ ತುಂಬಿರಲಿಲ್ಲ. ಎದುರಿಗೆ ಕೂತವರಲ್ಲಿ ಅನೇಕರು ಮಿಷನ್ ಸಂಘಗಳ ಯಜಮಾನರು. ಹಿತವಾದ ನಾಲ್ಕು ಮಾತುಗಳನ್ನಾಡಿ ಕೈಚಪ್ಪಾಳೆಯನ್ನು ಪಡೆದು ಇಳಿಯುವದು ಬಹು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ.

ಮಿಷನೆರಿಗಳ ತ್ಯಾಗವನ್ನು ಅವರು ಮನಸಾರೆ ಹೊಗಳಿದರು. ಆಮೇಲೆ ಕಷ್ಟವಾದ ಮಾತನ್ನೂ ಹೇಳಿದರು. ಈ ದೇಶದಲ್ಲಿ ಬಹು ವರ್ಷ ದುಡಿದ ಮಿಷನೆರಿಗಳಲ್ಲಿಯೂ ಎಷ್ಟೋ ಮಂದಿ ತಮ್ಮ ಜೊತೆ ಕೆಲಸದ ಭಾರತೀಯನ ಮನೆಯಲ್ಲಿ ಒಂದು ಹೊತ್ತು ಉಂಡದ್ದಿಲ್ಲ, ಅವನನ್ನು ತಮ್ಮ ಮೇಜಿಗೆ ಕರೆದದ್ದಿಲ್ಲ. ಅವರು ದಣಿಯೂ ಆಳೂ ಆಗಿದ್ದಾರೆ, ಗೆಳೆಯರಾಗಿಲ್ಲ ಎಂದು ತಿಳಿಸಿದರು. ದೇಹವನ್ನೇ ಸುಡುವದಕ್ಕೆ ಒಪ್ಪಿಸಿದರೂ ಪ್ರೀತಿಯಿಲ್ಲದಿದ್ದರೆ ಪ್ರಯೋಜನವಿಲ್ಲವೆಂಬ ಅಪೊಸ್ತಲನ ಬೋಧೆಯನ್ನು ನೆನಪಿಸಿ, ಕೊನೆಗೆ ಭಾರತದ ಸಭೆಗೆ ಹಣಕ್ಕಿಂತಲೂ ಸೇವೆಗಿಂತಲೂ ಹೆಚ್ಚಾಗಿ ಬೇಕಾದದ್ದು ಸ್ನೇಹಿತರು ಎಂದು ಬೇಡಿಕೊಂಡು ಕುಳಿತುಕೊಂಡರು. ಸಭೆಯಲ್ಲಿ ಕೆಲವರು ಮೆಚ್ಚಿದರು, ಕೆಲವರು ಕೋಪಗೊಂಡರು. ಆದರೆ ಆ ದಿನದ ಮಾತು ಮರೆತುಹೋಗಲಿಲ್ಲ. ನೂರು ವರ್ಷಗಳು ಕಳೆದ ಮೇಲೆಯೂ, ದೇಶದೇಶಗಳ ಸಭೆಗಳು ಕೂಡಿ ಕೆಲಸಮಾಡುವ ವಿಷಯವನ್ನು ಬರೆಯುವವರು ಆ ಸಾಯಂಕಾಲದ ಭಾಷಣವನ್ನು ನೆನಸದೆ ಇರುವದಿಲ್ಲ.

ಇನ್ನು ಬಿಷಪ್ ಪದವಿಯ ವಿಷಯ. ಅಜರ್ಯನವರ ಹೆಸರು ಎದ್ದಾಗ ಎರಡು ಕಡೆಗಳಿಂದಲೂ ವಿರೋಧ ಬಂತು. ಭಾರತೀಯನ ಕೈಕೆಳಗೆ ಇಂಗ್ಲಿಷರು ಹೇಗೆ ಕೆಲಸಮಾಡಾರು ಎಂದು ಕೆಲವು ಬಿಳಿಯರು ಸಂಶಯಪಟ್ಟರು. ನಮ್ಮವನೊಬ್ಬನು ನಮ್ಮ ಮೇಲೆ ಏರುವದೇ ಎಂದು ಕೆಲವು ಭಾರತೀಯರೂ ಮುಖ ತಿರುಗಿಸಿಕೊಂಡರು. ಆಫ್ರಿಕಾ ಖಂಡದ ದುಃಖಕರವಾದ ಚರಿತ್ರೆಯೊಂದು ಆಗ ಹಳೆಯದಾಗಿರಲಿಲ್ಲ. ಅಲ್ಲಿ 1864ರಲ್ಲಿ ಸಮುವೇಲ ಕ್ರೌದರರು ಆಂಗ್ಲಿಕನ್ ಸಭೆಯ ಮೊದಲನೆಯ ಆಫ್ರಿಕ ಬಿಷಪರಾದರು. ಅವರ ಮುಪ್ಪಿನಲ್ಲಿ ಎಳೆಯ ಇಂಗ್ಲಿಷ್ ಮಿಷನೆರಿಗಳು ಅವರ ಸಹಾಯಕರನ್ನು ಕೆಲಸದಿಂದ ತೆಗೆದು ಅವರ ಮನಸ್ಸನ್ನು ಮುರಿದರು. 1891ರಲ್ಲಿ ಅವರು ತೀರಿಕೊಂಡ ಮೇಲೆ ಆ ಪೀಠಕ್ಕೆ ಬಿಳಿಯರನ್ನೇ ನೇಮಿಸಿದರು. ಆದದರಿಂದ ಅಜರ್ಯನವರು ತಪ್ಪಿದರೆ ಅದು ಒಬ್ಬ ಮನುಷ್ಯನ ಸೋಲಾಗದೆ, ಇಡೀ ಜನಾಂಗಕ್ಕೆ ಬಾಗಿಲು ಮುಚ್ಚಿದಂತೆ ಆಗುತ್ತಿತ್ತು. ಇದನ್ನೆಲ್ಲಾ ಬಲ್ಲವರಾಗಿದ್ದೇ ಅವರು ಹೊರೆಯನ್ನು ಹೊತ್ತುಕೊಂಡರು. 1912ನೇ ಇಸವಿ ಡಿಸೆಂಬರ್ 29ರಂದು ಕಲ್ಕತ್ತೆಯ ಸಂತ ಪೌಲನ ದೇವಾಲಯದಲ್ಲಿ ಭಾರತದ ಮೆಟ್ರೊಪಾಲಿಟನ್ ಆಗಿದ್ದ ಕಾಪಲ್‌ಸ್ಟನ್‌ರವರೂ ಇತರ ಬಿಷಪರೂ ಅವರ ತಲೆಯ ಮೇಲೆ ಕೈಯಿಟ್ಟು ಅವರನ್ನು ಡೋರ್ನಕಲ್ಲಿನ ಬಿಷಪರನ್ನಾಗಿ ಅಭಿಷೇಕಿಸಿದರು.

ಡೋರ್ನಕಲ್ ಎಂಬದು ಆಗ ಸಣ್ಣ ಊರು. ಅಲ್ಲಿಯ ಕ್ರೈಸ್ತರು ಬಹು ಮಟ್ಟಿಗೆ ಮಾಲ, ಮಾದಿಗ ಕುಲಗಳಿಂದ ಬಂದ ಬಡ ಕೂಲಿಗಾರರು. ಅಜರ್ಯನವರು ಗಾಡಿಯಲ್ಲಿಯೂ ಕಾಲುನಡೆಯಲ್ಲಿಯೂ ಹಳ್ಳಿಹಳ್ಳಿಗೆ ಹೋದರು. ಮಲಿನತೆ, ರೋಗ, ಸಾಲ, ಕುಡಿತ ಇವೇ ಹಳ್ಳಿಯನ್ನು ಹಿಡಿದಿರುವ ನಾಲ್ಕು ದೆವ್ವಗಳೆಂದು ಸಾರಿ, ಅವುಗಳನ್ನು ಬಿಡಿಸುವ ಕೆಲಸವನ್ನು ಸಭೆಯ ಕೈಗೇ ಕೊಟ್ಟರು. ದೀಕ್ಷಾಸ್ನಾನ ಹೊಂದಿದ ಪ್ರತಿಯೊಬ್ಬನೂ ತನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಸುವಾರ್ತೆಯನ್ನು ಸಾರದಿದ್ದರೆ ತನ್ನ ಗತಿಯೇನೆಂದು ಒಪ್ಪಿಕೊಳ್ಳುವಂತೆ ಮಾಡಿದರು. ಅನ್ಬು ಅಮ್ಮನವರು ಸ್ತ್ರೀಯರ ನಡುವೆ ದುಡಿದರು. ಬಳಿಕ ಸುತ್ತಲಿನ ತೆಲುಗು ಸೀಮೆಗಳೂ ಈ ಅಧ್ಯಕ್ಷತೆಗೆ ಕೂಡಿಸಲ್ಪಟ್ಟವು. 1935ರ ಹೊತ್ತಿಗೆ ಅಲ್ಲಿ ಸುಮಾರು 250 ಮಂದಿ ಭಾರತೀಯ ಸಭಾಪಾಲಕರೂ 2,000ಕ್ಕೆ ಮೇಲ್ಪಟ್ಟ ಹಳ್ಳಿಯ ಉಪಾಧ್ಯಾಯರೂ ಇದ್ದರು. ಇಂಗ್ಲೆಂಡಿನಿಂದ ಬಂದ ಪಾದ್ರಿಗಳೂ ಈ ಭಾರತೀಯ ಬಿಷಪರ ಕೈಕೆಳಗೆ ಕೆಲಸಮಾಡಿದರು. ನಡೆಯಲಾರದೆಂದು ಹೇಳಿದ್ದು ನಡೆಯಿತು.

ಎಲ್ಲವೂ ನೆಟ್ಟಗೆ ನಡೆಯಿತೆಂದು ನಾವು ಬರೆದರೆ ಸುಳ್ಳಾದೀತು. ಎರಡು ಕುಲಗಳ ಹಳೆಯ ವೈರವು ದೇವಾಲಯದ ಹೊಸಲನ್ನು ದಾಟಿ ಒಳಗೂ ಬರುತ್ತಿತ್ತು. ಎಡಿನ್‌ಬರೋದಲ್ಲಿ ಬಿಳಿಯರನ್ನು ಕೇಳಿದ ಪ್ರಶ್ನೆಯನ್ನೇ ಅಜರ್ಯನವರು ಇಲ್ಲಿ ಸ್ವಂತ ಸಭೆಯವರನ್ನೂ ಕೇಳಬೇಕಾಯಿತು: ನೀವು ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವಿರೋ? ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ತೆಗೆದುಕೊಂಡು ಹೊರಗೆ ಬಂದ ಮೇಲೆ ಬೇರೆಬೇರೆ ಬಾವಿಗೆ ಹೋಗುವಿರೋ?

ಇಲ್ಲಿ ನಮ್ಮ ಹಳ್ಳಿಯ ವಾಚಕರಿಗಾಗಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಆಂಗ್ಲಿಕನ್ ಸಭೆಯು ಇಂಗ್ಲೆಂಡಿನಲ್ಲಿ ಹುಟ್ಟಿ ಅನೇಕ ದೇಶಗಳಲ್ಲಿ ಹರಡಿಕೊಂಡದ್ದು. ಇದಕ್ಕೆ ಎಲ್ಲರ ಮೇಲೂ ಅಪ್ಪಣೆಮಾಡುವ ಒಬ್ಬ ಒಡೆಯನಿಲ್ಲ. 1867ರಿಂದ ಕ್ಯಾಂಟರ್ಬರಿಯ ಆರ್ಚ್‌ಬಿಷಪರು ಸುಮಾರು ಹತ್ತು ವರ್ಷಕ್ಕೊಮ್ಮೆ ಎಲ್ಲಾ ದೇಶಗಳ ಬಿಷಪರನ್ನು ಕರೆಯುತ್ತಾರೆ. ಇದಕ್ಕೆ ಲ್ಯಾಂಬೆತ್ ಸಮ್ಮೇಳನವೆಂದು ಹೆಸರು. ಅಲ್ಲಿ ಆಗುವ ತೀರ್ಮಾನಗಳು ಬುದ್ಧಿಮಾತುಗಳೇ ಹೊರತು ಕಾನೂನುಗಳಲ್ಲ. ಆದದರಿಂದ ಅವರನ್ನು ಕೂಡಿಸಿ ಹಿಡಿಯುವದು ದಂಡವಲ್ಲ. ಒಬ್ಬರ ಮೇಲೆ ಒಬ್ಬರಿಗಿರುವ ನಂಬಿಕೆಯೇ. ಭಾರತದ ಆಂಗ್ಲಿಕನ್ ಸಭೆಯಾದರೋ 1930ರ ತನಕ ಕಾನೂನಿನ ಪ್ರಕಾರ ಇಂಗ್ಲೆಂಡಿನ ಸಭೆಯ ಒಂದು ಕೊಂಬೆಯಾಗಿಯೇ ಇತ್ತು. ಆ ವರ್ಷದಲ್ಲಿ ಅದು ಬಿಡುಗಡೆಹೊಂದಿ, ಭಾರತ, ಬರ್ಮಾ, ಸಿಂಹಳಗಳ ಸಭೆಯೆಂಬ ಹೆಸರಿನಿಂದ ತನ್ನ ಕಾರ್ಯವನ್ನು ತಾನೇ ನಡಿಸತೊಡಗಿತು. ಮಗನು ಬೇರೆ ಮನೆಮಾಡಿದ ಮೇಲೂ ತಂದೆಯ ಮನೆಗೆ ಹೋಗಿಬರುವಂತೆ, ಅಧಿಕಾರದ ಹಗ್ಗವು ಬಿಚ್ಚಿದ ಮೇಲೆಯೂ ಸ್ನೇಹದ ಕಟ್ಟು ಉಳಿಯಿತು.

ಅದೇ 1930ರ ಲ್ಯಾಂಬೆತ್ ಸಮ್ಮೇಳನಕ್ಕೆ ಅಜರ್ಯನವರು ಒಂದು ದೊಡ್ಡ ಬೇಡಿಕೆಯನ್ನು ಹೊತ್ತುಕೊಂಡು ಹೋದರು. ಅದರ ಮೂಲವು ಹನ್ನೊಂದು ವರ್ಷ ಹಿಂದಿನದು. ನಮ್ಮ ಕೊಳ್ಳೇಗಾಲದ ಪಕ್ಕದಲ್ಲಿ ಹರಿಯುವ ಕಾವೇರಿಯು ಸಮುದ್ರವನ್ನು ಸೇರುವ ಸೀಮೆಯಲ್ಲಿ ತರಂಗಂಬಾಡಿ ಎಂಬ ಊರಿದೆ. 1919ರ ಮೇ ತಿಂಗಳಲ್ಲಿ ಆಂಗ್ಲಿಕನ್ ಸಭೆಯವರೂ ದಕ್ಷಿಣ ಭಾರತದ ಐಕ್ಯ ಸಭೆಯವರೂ ಅಲ್ಲಿ ಕೂಡಿದರು. ಒಟ್ಟು 33 ಮಂದಿ, ಇಬ್ಬರ ಹೊರತು ಎಲ್ಲರೂ ಭಾರತೀಯರು. ಪರದೇಶದಲ್ಲಿ ಹಿಂದೆಂದೋ ಹುಟ್ಟಿದ ಜಗಳಗಳಿಗಾಗಿ ಈ ದೇಶದ ಕ್ರೈಸ್ತರು ಬೇರೆಬೇರೆಯಾಗಿರುವದು ತರವಲ್ಲವೆಂದು ಅವರು ಪ್ರಕಟನೆ ಹೊರಡಿಸಿದರು. ಅದರ ಮುಂದಾಳುಗಳಲ್ಲಿ ಅಜರ್ಯನವರು ಮುಖ್ಯರು. ಮುಂದೆ ವೆಸ್ಲಿಯನ್ ಮೆಥೊಡಿಸ್ಟರೂ ಈ ಮಾತುಕತೆಗೆ ಕೂಡಿಕೊಂಡರು.

ಆದರೆ ದಾರಿಯು ಕಠಿಣವಾಗಿತ್ತು. ಬಿಷಪರ ಕೈಯಿಂದ ಅಭಿಷೇಕವಾಗದವನು ಸಭಾಪಾಲಕನೇ ಅಲ್ಲವೆಂದು ಆಂಗ್ಲಿಕರಲ್ಲಿ ಕೆಲವರು ಹಟಹಿಡಿದರು. ಬಿಷಪರು ಬಂದರೆ ನಮ್ಮ ಸ್ವಾತಂತ್ರ್ಯವು ಹೋದಂತೆಯೇ ಎಂದು ಇತರರು ಅಂಜಿದರು. ಕೊನೆಗೆ ಕಂಡ ದಾರಿಯೇನಂದರೆ: ಮೂರು ಕಡೆಯ ಸಭಾಪಾಲಕರನ್ನೂ ಇದ್ದಂತೆಯೇ ಅಂಗೀಕರಿಸುವದು, ಇನ್ನು ಮುಂದೆ ಆಗುವ ಅಭಿಷೇಕಗಳೆಲ್ಲಾ ಬಿಷಪರಿಂದಲೇ ಆಗುವದು. ಇದಕ್ಕೆ ಇಂಗ್ಲೆಂಡಿನಲ್ಲಿ ಬಲವಾದ ವಿರೋಧವಿತ್ತು. ಒಡಕುಗಳು ಯೂರೋಪಿನಲ್ಲಿ ಬರೀ ಬಲಹೀನತೆಯಾಗಿರಬಹುದು, ನಮ್ಮಲ್ಲಿಯಾದರೋ ಅವು ಪಾಪವೂ ಎಡವುಗಲ್ಲೂ ಆಗಿವೆ ಎಂದು ಅಜರ್ಯನವರು 1927ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದ ಸಮ್ಮೇಳನದಲ್ಲಿ ಸಾರಿದ್ದರು. ಲ್ಯಾಂಬೆತ್ತಿನಲ್ಲಿ ಸುಮಾರು ಮುನ್ನೂರು ಬಿಷಪರ ಮುಂದೆ ಅವರು ಈ ಐಕ್ಯಕ್ಕಾಗಿ ಕಳಕಳಿಯಿಂದ ವಾದಿಸಿದರು. ಒಪ್ಪದವರು ಅನೇಕರಿದ್ದರೂ ದಕ್ಷಿಣ ಭಾರತದವರು ಈ ದಾರಿಯಲ್ಲಿ ಮುಂದುವರಿಯಲಿ ಎಂದು ಆ ಸಮ್ಮೇಳನವು ಸಮ್ಮತಿಸಿತು. ಇಷ್ಟು ವರ್ಷಗಳ ಗೆಳೆತನವೂ ನಂಬಿಕೆಯೂ ಇಲ್ಲದಿದ್ದರೆ ಆ ಕಿವಿಗಳು ಈ ಮಾತಿಗೆ ತೆರೆಯುತ್ತಿದ್ದವೋ ಎಂದು ನಾವು ಯೋಚಿಸುತ್ತೇವೆ.

1938ರ ಡಿಸೆಂಬರಿನಲ್ಲಿ ಮದ್ರಾಸಿನ ಸಮೀಪದ ತಾಂಬರದಲ್ಲಿ ಲೋಕದ ಮಿಷನ್ ಸಮ್ಮೇಳನವು ಕೂಡಿದಾಗ ಅಜರ್ಯನವರು ಭಾರತದ ಕ್ರೈಸ್ತ ಸಮಿತಿಯ ಅಧ್ಯಕ್ಷರಾಗಿದ್ದರು. ಆಗ ಬಂದ ಸುಮಾರು 470 ಪ್ರತಿನಿಧಿಗಳಲ್ಲಿ ಅರ್ಧದಷ್ಟು ಮಂದಿ ಏಷ್ಯಾ, ಆಫ್ರಿಕಾ ಮೊದಲಾದ ಖಂಡಗಳ ಎಳೆಯ ಸಭೆಗಳವರು. ಎಡಿನ್‌ಬರೋದ 1,200ರಲ್ಲಿ ಇಪ್ಪತ್ತಕ್ಕೂ ಕಡಿಮೆ, ತಾಂಬರದಲ್ಲಿ ಅರ್ಧ! ಇಪ್ಪತ್ತೆಂಟು ವರ್ಷಗಳಲ್ಲಿ ಎಷ್ಟು ಬದಲಾಯಿತೆಂಬದನ್ನು ವಾಚಕರೇ ಲೆಕ್ಕಹಾಕಲಿ. ಮುಂದಿನ ತಿಂಗಳು, 1939ರ ಜನವರಿ 6ರಂದು, ಡೋರ್ನಕಲ್ಲಿನ ಮಹಾದೇವಾಲಯವು ಪ್ರತಿಷ್ಠಿಸಲ್ಪಟ್ಟಿತು. ಅದರಲ್ಲಿ ಮಸೀದಿಯ ಗುಮ್ಮಟಮಿನಾರುಗಳೂ ಗುಡಿಯ ಮಂಟಪದಂಥ ಕಂಬಗಳೂ ಕ್ರಿಸ್ತನ ಶಿಲುಬೆಯ ಸೇವೆಗೆ ನಿಂತಿವೆ. ಕ್ರಿಸ್ತನವರಾಗುವದಕ್ಕೆ ಇಂಗ್ಲಿಷರಾಗಬೇಕಾಗಿಲ್ಲವೆಂದು ಆ ಕಲ್ಲುಗಳೇ ಹೇಳುತ್ತವೆ.

1945ನೇ ಇಸವಿ ಜನವರಿ 1ರಂದು ಅಜರ್ಯನವರು ಡೋರ್ನಕಲ್ಲಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ತಾವು ಇಪ್ಪತ್ತೈದು ವರ್ಷ ದುಡಿದ ಐಕ್ಯವನ್ನು ಅವರ ಕಣ್ಣುಗಳು ಕಾಣಲಿಲ್ಲ. ನೆಬೋ ಬೆಟ್ಟದಿಂದ ದೇಶವನ್ನು ನೋಡಿ ಒಳಗೆ ಕಾಲಿಡದೆ ತೀರಿಹೋದ ಮೋಶೆಯಂತೆ ಅವರೂ ಹೋದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ದೇವಾಲಯದಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಆ ದಿನ ಅಭಿಷೇಕಹೊಂದಿದ ಹೊಸ ಬಿಷಪರಲ್ಲಿ ಮೆಥೊಡಿಸ್ಟ್ ಸಭೆಯಿಂದ ಬಂದ ಪಿ. ಗುರುಶಾಂತರು ಮೈಸೂರು ಸೀಮೆಗೆ ಬಿಷಪರಾದರು. ಹೀಗೆ ತಮಿಳು ನಾಡಿನ ಹಳ್ಳಿಯಲ್ಲಿ ಹುಟ್ಟಿ ತೆಲುಗರಿಗಾಗಿ ಸವೆದವರ ಶ್ರಮದ ಫಲವು ಕನ್ನಡಿಗರಾದ ನಮ್ಮ ಬಾಗಿಲಿಗೂ ಬಂತು. ಈ ಹೊಸ ಸಭೆಯನ್ನು ಲೋಕದ ಆಂಗ್ಲಿಕನ್ ಬಿಷಪರು ಮೊದಲು ದೂರವಾಗಿಯೇ ಇಟ್ಟರು. ಬಹು ವರ್ಷಗಳ ಮೇಲೆ ತಮ್ಮ ಕೂಟದಲ್ಲಿ ಪೂರ್ಣವಾಗಿ ಸೇರಿಸಿಕೊಂಡರು.

ಶಿವನಸಮುದ್ರದಲ್ಲಿ ಕಾವೇರಿಯು ಎರಡು ಕವಲಾಗಿ ಒಡೆದು, ಗಗನಚುಕ್ಕಿ ಭರಚುಕ್ಕಿಗಳಾಗಿ ಬಂಡೆಗಳ ಮೇಲೆ ಬಿದ್ದು, ಮುಂದೆ ಪುನಃ ಒಂದೇ ನದಿಯಾಗುವದನ್ನು ನಮ್ಮಲ್ಲಿ ನೋಡದವರಾರು? ಒಡೆದ ನೀರು ಕೂಡಬೇಕಾದರೆ ಎರಡೂ ಕವಲುಗಳು ಕೆಳಕ್ಕೆ ಇಳಿಯಬೇಕು. ಮೇಲೆಯೇ ನಿಂತರೆ ಕೂಡುವದಿಲ್ಲ. ಅಜರ್ಯನವರು ದೊಡ್ಡವರನ್ನು ಇಳಿಯುವಂತೆ ಬೇಡಿದರು. ತಾವೂ ಇಳಿದರು, ತಮಿಳರಾಗಿ ತೆಲುಗನ್ನು ಕಲಿತರು, ಪಟ್ಟಣವನ್ನು ಬಿಟ್ಟು ಹಳ್ಳಿಗೆ ಹೋದರು, ಕಡೆಯವರೆನಿಸಿಕೊಂಡವರ ಗುಡಿಸಲಿನಲ್ಲಿ ಕುಳಿತರು.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಪ್ರಿಯ ಸಹೋದರ ಸಹೋದರಿಯರೇ, ಮದ್ರಾಸಿಗೂ ಮೈಸೂರಿಗೂ ಇದ್ದ ಗಡಿಯನ್ನು ಸರ್ಕಾರವು 1956ರಲ್ಲಿ ಅಳಿಸಿತು. ಕೇರಿಗೂ ಕೇರಿಗೂ ನಡುವಿನ ಗಡಿಯನ್ನು, ಕನ್ನಡದ ಮನೆಗೂ ತಮಿಳಿನ ಮನೆಗೂ ನಡುವಿನ ಗಡಿಯನ್ನು ಯಾವ ಸರ್ಕಾರವೂ ಅಳಿಸಲಾರದು. ದೂರದೇಶದ ಸಭೆಯವರು ನಮ್ಮನ್ನು ನೋಡಲು ಬಂದಾಗ ನಾವು ಅವರ ಕೈಯನ್ನು ನೋಡುವೆವೋ, ಮುಖವನ್ನು ನೋಡುವೆವೋ? ಅವರಿಗೆ ಕೊಡತಕ್ಕದ್ದು ನಮ್ಮಲ್ಲಿ ಏನಾದರೂ ಉಂಟೋ? ಪಕ್ಕದ ಕೇರಿಯವನು ಸಭೆ ಬಿಟ್ಟ ಮೇಲೆ ಬಿಸಿಲಲ್ಲಿ ನಿಂತಿರುವಾಗ ನಾವು ಅವನನ್ನು ಕರೆದು ನಮ್ಮ ಎಲೆಯ ಪಕ್ಕದಲ್ಲಿ ಎಲೆ ಹಾಕುವೆವೋ? ಬರುವ ಭಾನುವಾರ ಇದನ್ನು ಮಾಡಿ ನೋಡೋಣ.